ತೂತು ಬಿತ್ತಾ, ಇಲ್ವಾ?

ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಫೆಮ್ಟೋಸೆಕೆಂಡ್ ಲೇಸರ್ ಇದೆ, ಅಂದರೆ ಬೆಳಕನ್ನು ಅತಿ ಚಿಕ್ಕ ಮಿಂಚುಗಳಾಗಿ (ಪಲ್ಸ್) ಹೊಡೆಯುವ ಲೇಸರ್. 0.1 ಮಿಲಿಮೀಟರ್ ದಪ್ಪದ ಸ್ಟೀಲ್ ಹಾಳೆಯಲ್ಲಿ 30 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೂತು ಕೊರೆಯುವುದು ಅದರ ಕೆಲಸ. ಹಾಳೆಗೆ ಸಾವಿರಾರು ತೂತು.

ತೂತು ಆ ಕಡೆಗೆ ಬಿತ್ತೋ ಇಲ್ಲವೋ ಅಂತ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಇಂತಿಷ್ಟು ಪಲ್ಸ್ ಅಂತ ಲೆಕ್ಕ ಹಾಕಿ, ಧೈರ್ಯಕ್ಕೆ ಇನ್ನಷ್ಟು ಸೇರಿಸಿ ಹೊಡೆಯುತ್ತಿದ್ದೆವು. ಟೈಮ್ ವೇಸ್ಟ್, ಜೊತೆಗೆ ಅಂಚೂ ಕೆಡುತ್ತಿತ್ತು. ಈ ಲೇಸರ್ ಮಾರುವವರು ‘ಬಿಸಿಯೇ ಆಗಲ್ಲ’ ಅಂತಾರೆ. ಅದು ಪೂರ್ತಿ ನಿಜ ಅಲ್ಲ. ನಮ್ಮದರಲ್ಲಿ ಒಂದು ಪಲ್ಸ್ ಅಂದರೆ 300 ಫೆಮ್ಟೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಒಂದು ಕೂದಲಿನ ದಪ್ಪದಷ್ಟು ಮಾತ್ರ ಸಾಗುತ್ತದೆ. ಶಾಖ ಹರಡುವ ಮೊದಲೇ ಲೋಹ ಹಾರಿಹೋಗುತ್ತದೆ, ಸರಿ. ಆದರೂ ಪ್ರತಿ ಪಲ್ಸೂ ಚೂರು ಶಾಖ ಬಿಟ್ಟೇ ಹೋಗುತ್ತದೆ. ಒಂದರ ಹಿಂದೊಂದು ಬೀಳುತ್ತಿದ್ದರೆ ಅದು ಕೂಡುತ್ತಾ ಹೋಗುತ್ತದೆ.

ಅದಕ್ಕೇ ಬೆಳಕು ಅಳೆಯುವ ಫೋಟೋಡಯೋಡ್ ಕೂರಿಸಿದೆವು. ಲೋಹ ಹಾರುವಾಗ ಪ್ಲಾಸ್ಮಾ (ವಿಪರೀತ ಕಾದ ಲೋಹದ ಆವಿ) ಬೆಳಗುತ್ತದೆ. ಆ ಬೆಳಕು ಲೆನ್ಸಿನಲ್ಲೇ ವಾಪಸ್ ಬರುತ್ತದೆ. 1030 ನ್ಯಾನೋಮೀಟರಿನ ಲೇಸರ್ ಬೆಳಕನ್ನು ಫಿಲ್ಟರ್ ತಡೆಯುತ್ತದೆ, ಮಿಕ್ಕಿದ್ದನ್ನು ಡಯೋಡ್ ನೋಡುತ್ತದೆ. ತೂತು ಬಿದ್ದ ಕೂಡಲೇ ಆ ಬೆಳಕು ಕುಸಿಯುತ್ತದೆ. ಸೆಕೆಂಡಿಗೆ 20,000 ಪಲ್ಸ್ ಬೀಳುವಾಗ ಎರಡು ಪಲ್ಸಿನ ನಡುವೆ ಸಿಗುವುದು 50 ಮೈಕ್ರೋಸೆಕೆಂಡ್. ವಿಂಡೋಸ್ ಕಂಪ್ಯೂಟರ್ ನಂಬಿ ಕೂತರೆ ಆಗಲ್ಲ. ತಕ್ಷಣ ತೀರ್ಮಾನಿಸುವ ಎಫ್‌ಪಿಜಿಎ ಚಿಪ್ಪಿನ ಬೋರ್ಡ್ ಸಿಗ್ನಲ್ ಓದಿ, ಲೇಸರ್ ಬೆಳಕಿಗೆ ಬಾಗಿಲಿನಂತಿರುವ ಮಾಡ್ಯುಲೇಟರ್ ಮುಚ್ಚುತ್ತದೆ.

ಮೊದಲ ಹಾಳೆ ಚೆನ್ನಾಗಿ ಬಂತು. ಮೊದಲೆಲ್ಲ ಚಿರ್ರ್, ಚಿರ್ರ್ ಅಂತ ಒಂದೇ ಅಳತೆಯಲ್ಲಿ ಕೇಳುತ್ತಿದ್ದ ಸದ್ದು ಈಗ ಏರುಪೇರು. ತೂತು ಬಿದ್ದಾಗ ನಿಲ್ಲುವುದರಿಂದ ಹಾಗೆ. ಮಧ್ಯಾಹ್ನ ಎರಡನೇ ಹಾಳೆ ನಡೆಯುತ್ತಿತ್ತು. ನಾನು ಸ್ಕ್ರೀನ್ ನೋಡುತ್ತಾ ಕೂತಿದ್ದೆ, ಎಲ್ಲಾ ಹಸಿರು. ಆಪರೇಟರ್ ಮಾತ್ರ ತಲೆ ಓರೆ ಮಾಡಿ ನಿಂತಿದ್ದರು. “ಸಾರ್, ಸದ್ದು ಗಿಡ್ಡ ಆಗ್ತಾ ಇದೆ. ಇಷ್ಟು ಬೇಗ ಬೀಳಲ್ಲ ತೂತು.”

ನಿಲ್ಲಿಸಿ ಮೈಕ್ರೋಸ್ಕೋಪಿನಡಿ ಇಟ್ಟೆವು. ಕೆಳಗಿನಿಂದ ಬೆಳಕು ಬಿಟ್ಟರೆ ಮೊದಲ ಸಾಲುಗಳು ಚುಕ್ಕಿ ಚುಕ್ಕಿಯಾಗಿ ಹೊಳೆದವು. ಕೊನೆಯ ಸಾಲುಗಳು ಕಪ್ಪು. ಮೇಲಿಂದ ನೋಡಿದರೆ ಎಲ್ಲವೂ ತೂತೇ, ಆದರೆ ತಳ ಬಿಟ್ಟಿಲ್ಲ.

ಲೇಸರ್ ಸೊರಗಿತಾ? ಕನ್ನಡಿಯ ಹಿಂದೆ ಸೋರುವ ಬೆಳಕನ್ನು ಅಳೆಯುವ ಇನ್ನೊಂದು ಸೆನ್ಸರ್ ಇದೆ. ಅದರ ಗೆರೆ ಬೆಳಗಿನಿಂದ ನೇರ. ಅಂದರೆ ಲೇಸರ್ ಸರಿಯಿದೆ, ಗೋಳು ಅದರಿಂದ ಮುಂದೆ. ಲೆನ್ಸಿನ ಕೆಳಗಿನ ಗಾಜು ಬಿಚ್ಚಿದರೆ ಅದರ ತುಂಬ ಮಸಿ. ಧೂಳು ಎಳೆಯುವ ಸಕ್ಷನ್ ಪೈಪ್ ಮಡಚಿಕೊಂಡಿತ್ತು! ಹೋಗುವ ಬೆಳಕನ್ನೂ ಗಾಜು ತಿಂದಿತ್ತು, ಬರುವ ಬೆಳಕನ್ನೂ. ಡಯೋಡಿನ ಸಿಗ್ನಲ್ ನಾವು ಹಾಕಿದ ಮಿತಿಯ ಗೆರೆಗಿಂತ ಕೆಳಗಿಳಿದ ತಕ್ಷಣ ಬೋರ್ಡ್ ‘ತೂತು ಬಿತ್ತು’ ಅಂದುಕೊಂಡಿತು. ಅದಕ್ಕೆ ಹೇಳಿಕೊಟ್ಟಿದ್ದು ಅಷ್ಟೇ ಅಲ್ವಾ?

ಈಗ ಒಂದೇ ಗೆರೆ ಇಟ್ಟುಕೊಂಡಿಲ್ಲ. ಪ್ರತಿ ತೂತಿನ ಕುಸಿತವನ್ನು ಅದೇ ತೂತಿನ ಆರಂಭದ ಹೊಳಪಿನ ಜೊತೆ ಹೋಲಿಸುತ್ತೇವೆ. ಆ ಆರಂಭದ ಹೊಳಪೇ ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದರೆ ಯಂತ್ರ ನಿಂತು ‘ಗಾಜು ನೋಡಿ’ ಅನ್ನುತ್ತದೆ. ಆಪರೇಟರ್ ಕೇಳಿದ್ದು ಒಂದೇ: ಪೈಪಿಗೂ ಒಂದು ಪ್ರೆಶರ್ ಸೆನ್ಸರ್ ಹಾಕಿ. ಸುಮ್ನೆ ಹೇಳಿದ್ದಲ್ಲ, ಮಾರನೇ ದಿನವೇ ಹಾಕಿಸಿದರು.