ಚೀಲದಲ್ಲಿ ಉಳಿದ ಎರಡು ಟೈಲ್

ಉಡುಪಿ
ಆಗಸ್ಟ್ 3, 2025, ಆದಿತ್ಯವಾರ, ರಾತ್ರಿ

ಇಂದು ಮಂಗಳೂರಿನಲ್ಲಿ ನಡೆದ ಒಂದು ದಿನದ ಸ್ಕ್ರ್ಯಾಬಲ್ (ಚೀಲದಿಂದ ತೆಗೆದ ಅಕ್ಷರದ ಬಿಲ್ಲೆಗಳನ್ನು, ಅಂದರೆ ಟೈಲ್‌ಗಳನ್ನು, ಮಣೆಯ ಮೇಲಿಟ್ಟು ಇಂಗ್ಲಿಷ್ ಪದ ಕಟ್ಟುವ ಆಟ) ಪಂದ್ಯಾಟದಲ್ಲಿ ಎರಡನೆಯ ಸುತ್ತನ್ನು 31 ಅಂಕಗಳಿಂದ ಗೆದ್ದೆ, ಆರನೆಯ ಹಾಗೂ ಕೊನೆಯ ಸುತ್ತನ್ನು 14 ಅಂಕಗಳಿಂದ ಸೋತೆ. ಎರಡೂ ಆಟಗಳ ಹಾಳೆಗಳು ಈಗ ಮೇಜಿನ ಮೇಲಿವೆ. ಗೆದ್ದ ಆಟವೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಮೊದಲು ಕೊನೆಯ ಸುತ್ತಿನ ಸ್ಥಿತಿಯನ್ನು ಮರೆಯುವ ಮುನ್ನ ಬರೆದಿಡುತ್ತೇನೆ. ನನ್ನದು 378, ಎದುರಾಳಿಯದು 366, ನಡೆ ನನ್ನದು, ಚೀಲದಲ್ಲಿ ಉಳಿದದ್ದು 2 ಟೈಲ್. ನನಗೆ ಸಿಕ್ಕಿದ್ದ 25 ನಿಮಿಷಗಳಲ್ಲಿ ಇನ್ನು ಸುಮಾರು 3 ನಿಮಿಷ ಬಾಕಿಯಿತ್ತು. ಅದನ್ನು ಮೀರಿದರೆ ನಿಮಿಷಕ್ಕೆ 10 ಅಂಕದಂತೆ ಕಳೆಯುತ್ತಾರೆ. ಆಟದ ಉದ್ದಕ್ಕೂ ಮಣೆಗೆ ಬಂದ ಒಂದೊಂದು ಅಕ್ಷರವನ್ನೂ ಹಾಳೆಯಲ್ಲಿ ಹೊಡೆದುಹಾಕುತ್ತ ಬಂದಿದ್ದರಿಂದ, 100 ಟೈಲ್‌ಗಳ ಪೈಕಿ ನನ್ನ ಕಣ್ಣಿಗೆ ಬೀಳದೆ ಉಳಿದ 9 ಯಾವುವು ಎಂಬುದು ಖಚಿತವಾಗಿತ್ತು. ಅವುಗಳಲ್ಲಿ 7, ಕೈಯ ಟೈಲ್‌ಗಳನ್ನು ನಿಲ್ಲಿಸಿಡುವ ಅವರ ರ‍್ಯಾಕಿನಲ್ಲಿ, 2 ಚೀಲದಲ್ಲಿ, ಮತ್ತು ಆ 9ರಲ್ಲಿ ಒಂದು ಕ್ಯೂ. ಕ್ಯೂ ಸಾಮಾನ್ಯವಾಗಿ ಯು ಜೊತೆ, ಇಲ್ಲವೇ QI ಎಂಬ ಎರಡಕ್ಷರದ ಪದದಲ್ಲಿ ಐ ಜೊತೆ ಕೂರುತ್ತದೆ. ನಾಲ್ಕೂ ಯು ಆಗಲೇ ಮಣೆ ಸೇರಿದ್ದವು, ಐ ಪಕ್ಕದಲ್ಲಿ ತೆರೆದ ಮನೆ ಇರಲಿಲ್ಲ, ನನ್ನ ಕೈಯಲ್ಲಿಯೂ ಐ ಇರಲಿಲ್ಲ. ಹೀಗಾಗಿ ಕ್ಯೂ ಯಾರ ಕೈಯಲ್ಲಿ ಉಳಿಯುತ್ತದೋ ಅವರು ಸಿಕ್ಕಿಬಿದ್ದಂತೆಯೇ. ಆಟ ಮುಗಿಸಿದವರಿಗೆ ಎದುರಾಳಿಯ ಕೈಯಲ್ಲಿ ಉಳಿದ ಟೈಲ್‌ಗಳ ಎರಡು ಪಟ್ಟು ಅಂಕ ಸಲ್ಲುವುದರಿಂದ, 10 ಅಂಕದ ಕ್ಯೂ ಒಂದೇ 20 ಅಂಕದ ಹೊಡೆತ ಕೊಡುತ್ತದೆ. ಚೀಲದಲ್ಲಿ 7ಕ್ಕಿಂತ ಕಡಿಮೆ ಟೈಲ್ ಇರುವಾಗ ಅದನ್ನು ಬದಲಾಯಿಸಿಕೊಳ್ಳುವುದಕ್ಕೂ ಅವಕಾಶವಿಲ್ಲ.

ನನ್ನ ಮುಂದೆ ಎರಡು ನಡೆಗಳಿದ್ದವು. 2 ಟೈಲ್ ಇಟ್ಟರೆ 19 ಅಂಕ. ಆಗ ಕೈಯಲ್ಲಿ ಮತ್ತೆ 7 ಆಗುವಂತೆ ಚೀಲದಲ್ಲಿರುವ ಎರಡನ್ನೂ ನಾನೇ ತೆಗೆಯಬೇಕು, ಕ್ಯೂ ನನಗೆ ಬರುವ ಸಂಭವ 9ರಲ್ಲಿ 2. ಒಂದೇ ಟೈಲ್ ಇಟ್ಟರೆ 11 ಅಂಕ. ಆಗ ಸಂಭವ 9ರಲ್ಲಿ 1. ಬರಿಯ ಅಂಕಗಳ ಲೆಕ್ಕ ಹಾಕಿದರೆ 19ರ ನಡೆಯೇ ಮೇಲು, ಏಕೆಂದರೆ 8 ಅಂಕ ಖಂಡಿತವಾಗಿ ಕೈಸೇರುತ್ತದೆ, ಕ್ಯೂ ನನ್ನಲ್ಲಿ ಉಳಿದರೆ 20 ಹೋಗುತ್ತದೆ, ಅವರಲ್ಲಿ ಉಳಿದರೆ 20 ಬರುತ್ತದೆ, ಹೀಗಾಗಿ ಹೆಚ್ಚುವರಿ ಅಪಾಯವಾದರೋ 40ರ ಒಂಬತ್ತನೆಯ ಒಂದು ಪಾಲು, ಅಂದರೆ ನಾಲ್ಕು ಚಿಲ್ಲರೆ ಅಂಕ. ಆದರೆ ಕೊನೆಯ ಸುತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಗೆಲುವು. ಅಂತರ ಎಷ್ಟೆಂಬುದು ಸಮಾನ ಗೆಲುವು ಪಡೆದವರ ನಡುವೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅವರ ಕೈಯಲ್ಲಿರಬಹುದಾದ ಅಕ್ಷರಗಳನ್ನೂ ಮಣೆಯಲ್ಲಿ ತೆರೆದಿದ್ದ ಜಾಗಗಳನ್ನೂ ಹೊಂದಿಸಿ ನೋಡಿದಾಗ, ಕ್ಯೂ ನನಗೆ ಬಾರದಿದ್ದರೆ ಯಾವ ನಡೆಯಿಂದಲೂ ನಾನು ಗೆಲ್ಲುತ್ತೇನೆ, ಬಂದರೆ ಯಾವ ನಡೆಯಿಂದಲೂ ಸೋಲುತ್ತೇನೆ ಎಂಬುದು ಸ್ಪಷ್ಟವಾಯಿತು. ಹಾಗಾದರೆ ಆ 8 ಅಂಕದಿಂದ ನನಗೆ ಏನೂ ಆಗಬೇಕಾಗಿರಲಿಲ್ಲ. ಇನ್ನೊಂದು ಲಾಭವೂ ಇತ್ತು: ಚೀಲದಲ್ಲಿ ಒಂದು ಟೈಲ್ ಬಿಟ್ಟರೆ ಅದನ್ನು ಬರಿದು ಮಾಡುವವರು ಅವರಾಗುತ್ತಾರೆ, ಎಲ್ಲ ಟೈಲ್‌ಗಳೂ ಹೊರಬಂದ ಮೇಲಿನ ಮೊದಲ ನಡೆ ನನಗೆ ಸಿಗುತ್ತದೆ. ಇಷ್ಟನ್ನು ಯೋಚಿಸುವುದಕ್ಕೆ 2 ನಿಮಿಷ ಹಿಡಿಯಿತು. ಒಂದು ಟೈಲ್ ಇಟ್ಟು ಚೀಲಕ್ಕೆ ಕೈಹಾಕಿದೆ. ಕ್ಯೂ ಬಂತು.

ಆಟ ಮುಗಿದ ಮೇಲೆ ಎದುರಾಳಿ, ಕೊಡಿಯಾಲಬೈಲಿನ ಹಿರಿಯರು, ಮಣೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, "ಇಲ್ಲಿ ಹತ್ತೊಂಬತ್ತು ಇತ್ತಲ್ಲ ಮೇಡಂ, ಯಾಕೆ ಬಿಟ್ಟಿರಿ?" ಎಂದು ಕೇಳಿದರು. ನಾನು ಲೆಕ್ಕ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಸರಿ ಉಂಟು. ಆದರೆ ಬಂದದ್ದು ಅದೇ ಅಲ್ಲವಾ?" ಎಂದರು. ಬಂದದ್ದು ಅದೇ, ನಿಜ. 19ರ ನಡೆ ಆಡಿದ್ದರೂ ಕೈಗೆ ಸಿಗುತ್ತಿದ್ದ ಮೊದಲ ಟೈಲ್ ಅದೇ ಆಗಿರುತ್ತಿತ್ತು ಎಂಬುದನ್ನು ನಾನು ಹೇಳಲಿಲ್ಲ. ಆ ಮಾತು ನಿಜವಾಗಿದ್ದರೂ ನನ್ನ ನಿರ್ಧಾರಕ್ಕೆ ಅದು ಸಮರ್ಥನೆಯಲ್ಲ. ಚೀಲಕ್ಕೆ ಕೈಹಾಕುವ ಮೊದಲು ನನಗೆ ಅದು ತಿಳಿದಿರಲಿಲ್ಲ.

ಬಸ್ಸಿನಲ್ಲಿ ಉಡುಪಿಗೆ ಮರಳುವಾಗ, ಮೂಲ್ಕಿ ದಾಟುವ ಹೊತ್ತಿಗೆ ಮಳೆ ಜೋರಾಗಿ ಕಿಟಕಿಯ ಗಾಜು ಮಸುಕಾಗಿತ್ತು. ನನಗೆ ಅಜ್ಜಿಯ ಚೆನ್ನೆಮಣೆ ನೆನಪಾಯಿತು. ಈಗ ಆಟಿ ತಿಂಗಳು. ನಮ್ಮ ಮನೆಯಲ್ಲಿ ಆಟಿಯಲ್ಲಿ ಅಟ್ಟದಿಂದ ಇಳಿಯುತ್ತಿದ್ದ ಆ ಮಣೆಯ 14 ಗುಳಿಗಳಿಗೆ ನಾಲ್ಕು ನಾಲ್ಕರಂತೆ 56 ಕಾಯಿ ಹಾಕಿ ಕೂತರೆ, ಯಾವ ಗುಳಿಯಿಂದ ಎತ್ತಿದರೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅಜ್ಜಿ ಕೈಯಿಕ್ಕುವ ಮೊದಲೇ ಕಂಡಿರುತ್ತಿದ್ದರು. ಅಲ್ಲಿ ಎಲ್ಲ ಕಾಯಿಗಳೂ ಇಬ್ಬರ ಕಣ್ಣಮುಂದೆ ಇರುತ್ತವೆ, ಸೋತವರು ಎಲ್ಲಿಯೋ ಎಣಿಕೆ ತಪ್ಪಿರಲೇಬೇಕು. ನಾನು ಬೆಳೆದದ್ದು ಆ ಆಟದಲ್ಲಿ, ಆದ್ದರಿಂದ ಸೋಲನ್ನು ಕಂಡ ಕೂಡಲೇ ತಪ್ಪು ಹುಡುಕುವುದು, ಗೆಲುವನ್ನು ಕಂಡ ಕೂಡಲೇ ಲೆಕ್ಕದ ಹಾಳೆ ಮಡಚುವುದು ನನಗೆ ರೂಢಿಯಾಗಿಬಿಟ್ಟಿದೆ. ಚೀಲ ಇರುವ ಆಟದಲ್ಲಿ ಈ ರೂಢಿ ನನಗೆ ವರ್ಷಗಟ್ಟಲೆ ಹಾನಿ ಮಾಡಿದೆ.

ಎರಡನೆಯ ಸುತ್ತಿನ ನಾಲ್ಕನೆಯ ನಡೆಯೇ ಅದಕ್ಕೆ ಸಾಕ್ಷಿ. 'ಫಾರ್ಮ್' ಎಂದು ಇಟ್ಟರೆ 18 ಅಂಕವಿತ್ತು, ಕೊನೆಗೆ ಎಸ್ ಸೇರಿಸಿ 'ಫಾರ್ಮ್ಸ್' ಮಾಡಿದರೆ 22. ನಾನು ಹೆಚ್ಚು ಯೋಚಿಸದೆ 22 ತೆಗೆದುಕೊಂಡೆ. ಇಡೀ ಚೀಲದಲ್ಲಿ ಎಸ್ ಇರುವುದು 4, ಬ್ಲ್ಯಾಂಕ್ (ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಟೈಲ್) 2. ಕೈಯಲ್ಲಿ ಉಳಿಸಿಕೊಂಡ ಒಂದು ಎಸ್, ಮುಂದಿನ ನಡೆಗಳಲ್ಲಿ ಏಳೂ ಟೈಲ್ ಒಟ್ಟಿಗೆ ಇಟ್ಟು 50 ಅಂಕದ ಬಿಂಗೊ ಪಡೆಯುವ ದಾರಿಯನ್ನು ಅಗಲಗೊಳಿಸುತ್ತದೆ. ಅದಕ್ಕಾಗಿಯೇ ಅನುಭವಸ್ಥರು ಅದಕ್ಕೆ ಸುಮಾರು 8 ಅಂಕದ ಬೆಲೆ ಕಟ್ಟುತ್ತಾರೆ. 8ರ ಬೆಲೆಯ ವಸ್ತುವನ್ನು 4ಕ್ಕೆ ಕೊಟ್ಟಂತಾಯಿತು. ಎರಡು ನಡೆ ಕಳೆಯುವಷ್ಟರಲ್ಲಿ ಚೀಲದಿಂದ ಒಂದು ಬ್ಲ್ಯಾಂಕ್, ಅದರ ಹಿಂದೆಯೇ ಇನ್ನೊಂದು ಎಸ್ ಬಂದು 74 ಅಂಕದ ಬಿಂಗೊ ಆಯಿತು. ಸುತ್ತ ನಿಂತವರು ಮೆಚ್ಚಿದರು, ನಾನೂ ಸಂತೋಷಪಟ್ಟೆ, ನಾಲ್ಕನೆಯ ನಡೆ ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಕಾಲೇಜಿನ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತು, "ಅಕ್ಕಾ, ನನಗೆ ಇಂಗ್ಲಿಷ್ ಶಬ್ದ ಸಾಲದು, ಅದಕ್ಕೇ ಸೋಲುವುದು" ಎಂದಳು. ಶಬ್ದ ಬೇಕು, ಅದರಲ್ಲಿ ಸಂಶಯವಿಲ್ಲ. ಎರಡಕ್ಷರದ ಪದಗಳು ಬಾಯಿಗೆ ಬಾರದೆ ಪಂದ್ಯಾಟಕ್ಕೆ ಇಳಿಯಬಾರದು. ಆದರೆ ಫ್ರೆಂಚ್ ಮಾತನಾಡಲು ಬಾರದ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಪದಪಟ್ಟಿಯನ್ನು ಕಲಿತು 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಪ್ರಶಸ್ತಿ ಗೆದ್ದದ್ದನ್ನು ಅವಳಿಗೆ ಹೇಳಿದೆ. ಅದೇ ವರ್ಷ ಪರ್ತ್‌ನಲ್ಲಿ ಇಂಗ್ಲಿಷ್ ವಿಶ್ವ ಚಾಂಪಿಯನ್ ಆದ ನೈಜೀರಿಯಾದ ವೆಲಿಂಗ್ಟನ್ ಜಿಗೆರೆಯವರ ತಂಡ, ಉದ್ದದ ಪದ ಗೊತ್ತಿದ್ದರೂ ಅನೇಕ ಸಲ ಐದಕ್ಷರದ ಪದವನ್ನು ಆರಿಸುವ ಪದ್ಧತಿಯನ್ನು ಬೆಳೆಸಿಕೊಂಡಿತ್ತು. ಕೈಯಲ್ಲಿ ಏನನ್ನು ಉಳಿಸಿಕೊಳ್ಳುತ್ತೇವೆ ಎಂಬುದೂ ನಡೆಯ ಭಾಗವೇ ಎಂದು ಅವಳಿಗೆ ಒತ್ತಿ ಹೇಳಿದೆ. ಬೆಳಿಗ್ಗೆ ನಾಲ್ಕು ಅಂಕಕ್ಕಾಗಿ ಎಸ್ ಬಿಟ್ಟುಕೊಟ್ಟಿದ್ದವಳು ನಾನೇ ಎಂಬುದು ಆಗ ಹೊಳೆದಿರಲಿಲ್ಲ. ನಾಳೆ ಅವಳಿಗೆ ಈ ಹಾಳೆಯ ಫೋಟೋ ಕಳುಹಿಸುತ್ತೇನೆ.

ರಾತ್ರಿ ಊಟವಾದ ಮೇಲೆ ಎರಡೂ ಸ್ಥಿತಿಗಳನ್ನು ಕ್ವ್ಯಾಕಲ್‌ಗೆ ಹಾಕಿದೆ. 2006ರಲ್ಲಿ ಟೊರಾಂಟೊದಲ್ಲಿ ಮಾಜಿ ವಿಶ್ವ ಚಾಂಪಿಯನ್ ಡೇವಿಡ್ ಬಾಯ್ಸ್ ಅವರನ್ನು ಸೋಲಿಸಿದ ಈ ಉಚಿತ ತಂತ್ರಾಂಶಕ್ಕೆ ಇಂದು ಚೀಲದಿಂದ ಏನು ಬಂತು ಎಂಬುದು ತಿಳಿಯದು. ಕಾಣದ ಟೈಲ್‌ಗಳನ್ನು ಮತ್ತೆ ಮತ್ತೆ ಕಲಸಿ, ಸಾವಿರಾರು ಬಗೆಯಲ್ಲಿ ಹಂಚಿ, ಪ್ರತಿ ಸಲವೂ ಕೆಲವು ನಡೆ ಮುಂದಕ್ಕೆ ಆಡಿ, ಸರಾಸರಿ ತೆಗೆಯುತ್ತದೆ. ಕೊನೆಯ ಸುತ್ತಿನಲ್ಲಿ ಗೆಲುವಿನ ಪ್ರಮಾಣದ ಪಟ್ಟಿಯಲ್ಲಿ ನನ್ನ ಒಂದು ಟೈಲ್‌ನ ನಡೆ ಮೊದಲ ಸಾಲಿನಲ್ಲಿತ್ತು. ಎರಡನೆಯ ಸುತ್ತಿನಲ್ಲಿ ಮೊದಲ ಸಾಲಿನಲ್ಲಿದ್ದದ್ದು 'ಫಾರ್ಮ್'. ನನ್ನ 'ಫಾರ್ಮ್ಸ್' ಐದನೆಯ ಸಾಲಿನಲ್ಲಿ.

ತಪ್ಪುಗಳ ಪುಸ್ತಕದಲ್ಲಿ ಇದುವರೆಗೆ ಸೋತ ಆಟಗಳನ್ನಷ್ಟೇ ಬರೆಯುತ್ತಿದ್ದೆ. ಇಂದು ಮೊದಲ ಬಾರಿಗೆ ಗೆದ್ದ ಆಟವೊಂದಕ್ಕೆ ಪುಟ ತೆರೆದು, ನಾಲ್ಕನೆಯ ನಡೆಯನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅದೇ ಆಟದಲ್ಲಿ ಇನ್ನೂ ಎಂಟು ನಡೆಗಳನ್ನು ಪರಿಶೀಲಿಸುವುದು ಬಾಕಿಯಿದೆ. ನಾಳೆ ಬ್ಯಾಂಕಿನಿಂದ ಬಂದ ಮೇಲೆ ಕೂರಬೇಕು.