ಗಲಾಟೆ ಇಳಿದ ಮೇಲೆ

‘ಕಾಂತಾರ: ಚಾಪ್ಟರ್ 1’ ಚಿತ್ರ 2025ರ ಅಕ್ಟೋಬರ್ 31ರ ಶುಕ್ರವಾರದಿಂದ ಒಟಿಟಿಯಲ್ಲಿ ಬರುತ್ತದೆ ಎಂಬ ಸುದ್ದಿ ಆ ವಾರದ ಆರಂಭದಲ್ಲಿ ಬಂತು. ಹಾಗಾದರೆ ಬುಧವಾರವೇ ಟಾಕೀಸಿಗೆ ಹೋಗಿ ನೋಡಿಬಿಡೋಣವೇ ಎಂದು ಅಮ್ಮನನ್ನು ಕೇಳಿದೆ. ಬೆಂಗಳೂರಿನಲ್ಲಿರುವ ತಮ್ಮ ಆಗ ಫೋನಿನ ಸ್ಪೀಕರ್‌ನಲ್ಲಿದ್ದ. ಅಲ್ಲಿ ನಡೆದದ್ದು ಮೂರೇ ಮಾತು.

“ಮಧ್ಯೆ ಎದ್ದು ಹೋದರೆ ಮತ್ತೆ ಒಳಗೆ ಬಿಡುತ್ತಾರಾ?” ಎಂದರು ಅಮ್ಮ.

“ಅಯ್ಯೋ ಅಮ್ಮ, ಶುಕ್ರವಾರ ಮನೆಗೇ ಬರುತ್ತದೆ. ಬೇಕಾದಾಗ ನಿಲ್ಲಿಸಿ ಎದ್ದು ಹೋಗಬಹುದು,” ಎಂದ ತಮ್ಮ.

“ಆಯಿತು ಬಿಡು.”

ಆ ‘ಆಯಿತು ಬಿಡು’ ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಎಪ್ಪತ್ತು ದಾಟಿದ, ಎಷ್ಟೋ ಸಿನಿಮಾಗಳನ್ನು ಟಾಕೀಸಿನಲ್ಲೇ ನೋಡಿದ ಹೆಂಗಸು, ಈಗ ಚಿತ್ರಮಂದಿರದೊಳಗೆ ತನ್ನನ್ನು ಎರಡನೆಯ ಸಲ ಬಿಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಅಂಜುತ್ತಾರೆ. ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮನಿಗೆಂದೇ ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿದವನು ಅವನೇ, ವರ್ಷವರ್ಷವೂ ಒಟಿಟಿ ಚಂದಾ ಕಟ್ಟುವವನೂ ಅವನೇ. ಆದರೆ ಯಾರಾದರೂ ಏನನ್ನಾದರೂ ಆಸೆಪಟ್ಟರೆ, ಅದಕ್ಕಿಂತ ಸುಲಭವಾದದ್ದೊಂದನ್ನು ತಂದು ಮುಂದಿಟ್ಟು ಕೆಲಸ ಮುಗಿಯಿತು ಎಂದುಕೊಳ್ಳುವ ಗುಣ ಅವನದು. ಅಮ್ಮ ಕೇಳಿದ ಪ್ರಶ್ನೆಗೆ ಅವನು ಉತ್ತರವನ್ನೇ ಕೊಡಲಿಲ್ಲ.

ಅಮ್ಮನ ಆಸೆಗೆ ಕಾರಣವಿತ್ತು. ಮೊದಲ ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಬಿಡುಗಡೆಯಾದಾಗ ಅವರ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ನವೆಂಬರ್ 24ಕ್ಕೆ ಒಟಿಟಿಗೆ ಬಂದ ಮೇಲೆ ಮನೆಯಲ್ಲೇ ನೋಡಿದೆವು. ಕೊನೆಯಲ್ಲಿ ದೈವ ಕೂಗುವ ಹೊತ್ತಿಗೆ ಸರಿಯಾಗಿ, ಒಳಕೋಣೆಯಲ್ಲಿ ಮಗು ಮಲಗಿದೆಯೆಂದು ಧ್ವನಿ ತಗ್ಗಿಸಬೇಕಾಯಿತು. ರಿಷಬ್ ಶೆಟ್ಟಿ ಬಾಯಿ ತೆರೆದದ್ದು ಕಂಡಿತೇ ಹೊರತು ಕೂಗು ಕೇಳಿಸಲಿಲ್ಲ. “ಇದನ್ನು ಟಾಕೀಸಿನಲ್ಲಿ ನೋಡಬೇಕಿತ್ತು” ಎಂದು ಅಮ್ಮ ಅವತ್ತೇ ಹೇಳಿದ್ದರು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗಲೂ ಅದೇ ಮಾತು.

ಹಾಗಿದ್ದರೂ ಹೋಗುವುದೋ ಬೇಡವೋ ಎಂಬ ಲೆಕ್ಕಾಚಾರ ಸುಲಭವಾಗಿರಲಿಲ್ಲ. ಚಿತ್ರವೇ 2 ಗಂಟೆ 49 ನಿಮಿಷ. ಅದಕ್ಕೆ ಮಧ್ಯಂತರ, ಜಾಹೀರಾತು, ಹೋಗಿಬರುವ ಹೊತ್ತು ಸೇರಿಸಿದರೆ ಅರ್ಧ ದಿನವೇ ಕಳೆಯುತ್ತದೆ. ಜಾಹೀರಾತಿನ ಹೊತ್ತು ಸಣ್ಣದೇನಲ್ಲ. ಟಿಕೆಟ್‌ನಲ್ಲಿ ಹೇಳಿದ ಸಮಯಕ್ಕಿಂತ 25 ನಿಮಿಷ ತಡವಾಗಿ ಚಿತ್ರ ಶುರುವಾಯಿತೆಂದು ಬೆಂಗಳೂರಿನ ಪ್ರೇಕ್ಷಕರೊಬ್ಬರು ದೂರು ಕೊಟ್ಟು, ಗ್ರಾಹಕ ಆಯೋಗದಲ್ಲಿ 2025ರಲ್ಲೇ ಗೆದ್ದಿದ್ದರು. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಟಿಕೆಟ್ ದರ 200 ರೂಪಾಯಿ ಮೀರಬಾರದು ಎಂದು ಸರ್ಕಾರ ಸೆಪ್ಟೆಂಬರ್ 12ರಂದು ಹೊರಡಿಸಿದ ನಿಯಮಕ್ಕೂ ಅದೇ ತಿಂಗಳ 23ರಂದು ತಡೆ ಬಿತ್ತು. ‘ಚಾಪ್ಟರ್ 1’ ಬಿಡುಗಡೆಯಾದದ್ದು ಅಕ್ಟೋಬರ್ 2ಕ್ಕೆ. ಆ ಮೊದಲ ವಾರದಲ್ಲಿ ವಯಸ್ಸಾದವರು ಯಾರೂ ಟಿಕೆಟ್‌ಗೆ ಪೈಪೋಟಿ ನಡೆಸಿರಲಾರರು. ಅಮ್ಮನಂತೂ ಎಂದಿನಂತೆ “ಗಲಾಟೆ ಇಳಿಯಲಿ” ಎಂದಿದ್ದರು.

ನಾನು ಹೇಳಬೇಕೆಂದಿರುವುದು ಈ ‘ಗಲಾಟೆ ಇಳಿಯಲಿ’ ಎನ್ನುವವರ ಬಗ್ಗೆಯೇ. ಮೈಸೂರಿನ ನಮ್ಮ ಬೀದಿಯ ಹೆಂಗಸರು ಯಾರೂ ಹೊಸ ಚಿತ್ರವನ್ನು ಮೊದಲ ವಾರ ನೋಡುತ್ತಿರಲಿಲ್ಲ. ಅಭಿಮಾನಿಗಳ ಶಿಳ್ಳೆ, ಪಟಾಕಿ, ಕಾಗದದ ಚೂರು ಎಲ್ಲ ಮುಗಿದು, ಚಿತ್ರ ಐದನೆಯ ವಾರಕ್ಕೋ ಏಳನೆಯ ವಾರಕ್ಕೋ ಕಾಲಿಟ್ಟ ಮೇಲೆ ಮ್ಯಾಟಿನಿಗೆ ಒಟ್ಟಾಗಿ ಹೊರಡುತ್ತಿದ್ದರು. ಗೋಡೆಯಲ್ಲಿ ಕೈ ಮಾತ್ರ ತೂರುವಷ್ಟು ಕಿಂಡಿ, ಅದರ ಮುಂದೆ ಹೆಂಗಸರದೇ ಸಾಲು. ಅತ್ತೆ, ಸೊಸೆ, ಬಾಣಂತನ ಮುಗಿಸಿ ಹೊರಟವಳು, ಹಳ್ಳಿಯಿಂದ ಬಂದ ನೆಂಟರು, ಎಲ್ಲರೂ ತಡವಾಗಿಯೇ ಬರುವವರು. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಮೊದಲ ದಿನ ನುಗ್ಗಿದವರೊಬ್ಬರಿಂದಲೇ ಆಗಿರಲು ಸಾಧ್ಯವಿಲ್ಲ. ಇಂಥ ನಿಧಾನದ ಪ್ರೇಕ್ಷಕರೂ ಅದನ್ನು ಹೊತ್ತು ನಡೆಸಿದ್ದಾರೆ. ಅಮ್ಮ ಹೋಗುತ್ತಿದ್ದ ಶಾಂತಲಾ, ಲಕ್ಷ್ಮಿ ಚಿತ್ರಮಂದಿರಗಳು ಕೊರೋನಾ ವರ್ಷದಲ್ಲಿ ಮುಚ್ಚಿಹೋದವು.

ಒಟಿಟಿಗೆ ಬರುವ ಮುನ್ನ ಈ ನಿಧಾನದ ಪ್ರೇಕ್ಷಕರಿಗೆ ಈ ಸಲ ಸಿಕ್ಕಿದ್ದು ನಾಲ್ಕು ವಾರ. ಮೊದಲ ‘ಕಾಂತಾರ’ಕ್ಕೆ ಎಂಟು ವಾರದಷ್ಟು ಅಂತರವಿತ್ತು, ಇದಕ್ಕೆ ಅದರ ಅರ್ಧ. ಹಿಂದಿ ಅವತರಣಿಕೆ ಮಾತ್ರ ಆಗ ಒಟಿಟಿಗೆ ಬರಲಿಲ್ಲ, ಏಕೆಂದರೆ ಹಿಂದಿ ಚಿತ್ರಗಳಿಗೆ ಎಂಟು ವಾರದ ಅಂತರ ಇರಲೇಬೇಕೆಂದು ಮಲ್ಟಿಪ್ಲೆಕ್ಸ್‌ಗಳು ಪಟ್ಟು ಹಿಡಿದಿದ್ದವು. ಕನ್ನಡದ ಚಿತ್ರ, ಕನ್ನಡದ ನಿರ್ಮಾಪಕರು, ಆದರೂ ಚಿತ್ರಮಂದಿರದಲ್ಲಿ ನಿಧಾನವಾಗಿ ನೋಡುವ ಅವಕಾಶ ಹಿಂದಿಯವರಿಗೆ ಹೆಚ್ಚು. ಇದು ನನಗೆ ನಿಜವಾಗಿ ನೋವು ತಂದ ಸಂಗತಿ. ಒಟಿಟಿಗೆ ಬಂದ ದಿನವೇ ಚಿತ್ರಮಂದಿರದಿಂದ ತೆಗೆಯುವುದಿಲ್ಲ, ನಿಜ. ಆದರೆ ಶುಕ್ರವಾರದ ಸುದ್ದಿ ಬಂದ ಕೂಡಲೇ ಪ್ರತಿ ಮನೆಯಲ್ಲೂ ಒಬ್ಬ ತಮ್ಮ ಫೋನಿನಲ್ಲಿ ಅದೇ ಮಾತು ಹೇಳುತ್ತಾನೆ, ಒಬ್ಬ ಅಮ್ಮ ‘ಆಯಿತು ಬಿಡು’ ಎನ್ನುತ್ತಾಳೆ.

ಬುಧವಾರ ಹೋದೆವು. ಬಾಗಿಲಿಗೆ ಹತ್ತಿರದ ಸಾಲಿನಲ್ಲಿ, ನಡೆಯುವ ದಾರಿಯ ಪಕ್ಕದ ಸೀಟುಗಳನ್ನು ಆರಿಸಿದ್ದೆ. ಟಿಕೆಟ್ ನೋಡುತ್ತಿದ್ದ ಹುಡುಗನನ್ನು ಅಮ್ಮ ಅದೇ ಪ್ರಶ್ನೆ ಕೇಳಿದರು. “ಎಷ್ಟು ಸಲ ಬೇಕಾದರೂ ಹೋಗಿ ಬನ್ನಿ ಅಜ್ಜಿ, ನಾನು ಇಲ್ಲೇ ಇರುತ್ತೇನೆ,” ಎಂದ. ಅಷ್ಟೇ ಬೇಕಿತ್ತು. ಅಮ್ಮನ ಹೆಗಲು ಸಡಿಲವಾದದ್ದು ನನಗೆ ಕಂಡಿತು.

ಮೊದಲರ್ಧದಲ್ಲಿ ತೇರು ಹಿಡಿತ ತಪ್ಪಿ ಊರಿನ ನಡುವೆ ನುಗ್ಗುವ ದೃಶ್ಯ ಬಂದಾಗ ಸೀಟಿನ ಕೈಯೇ ಅದುರಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡವರು ಮಧ್ಯಂತರದವರೆಗೂ ಬಿಡಲಿಲ್ಲ. ದ್ವಿತೀಯಾರ್ಧದಲ್ಲಿ, ಯುದ್ಧಕ್ಕೆ ಮೊದಲು, ಏಳಲೇಬೇಕಾಯಿತು. ಮೆಟ್ಟಿಲಂಚಿನ ದೀಪಗಳು ಅಲ್ಲಲ್ಲಿ ಕೆಟ್ಟಿದ್ದವು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಒಂದೊಂದು ಮೆಟ್ಟಿಲಿನ ಮೇಲೂ ಎರಡು ಪಾದಗಳನ್ನೂ ಇಟ್ಟು, ಸೀಟುಗಳ ಬೆನ್ನು ಹಿಡಿದು ಅಮ್ಮ ಇಳಿಯುತ್ತಿದ್ದರು. ಕೆಳಗಿನ ಸಾಲಿನ ಯುವಕನೊಬ್ಬ ಪರದೆಯಿಂದ ಕಣ್ಣು ತೆಗೆಯದೆಯೇ ಮೊಬೈಲ್ ಬೆಳಕನ್ನು ಮೆಟ್ಟಿಲಿನತ್ತ ಹಿಡಿದ. ನಾವು ಮರಳಿ ಬರುವಾಗಲೂ ಹಾಗೆಯೇ ಹಿಡಿದ. ಮೂರು ಗಂಟೆಯ ಚಿತ್ರ ತೋರಿಸುವವರು ಒಂದು ಕಂಬಿ ಹಾಕಿಸಬಾರದೇ?

ಕೊನೆಯ ಆವೇಶದ ದೃಶ್ಯದಲ್ಲಿ ಯಾರೂ ಧ್ವನಿ ತಗ್ಗಿಸಲಿಲ್ಲ. ಆ ಕೂಗು ಎದೆಗೂಡಿನೊಳಗೆ ಹೊಕ್ಕು ನಿಂತಿತು. ಅಮ್ಮ ಕೈ ಮುಗಿದು ಕೂತಿದ್ದರು.

ಚಿತ್ರ ಚೆನ್ನಾಗಿದೆಯೇ ಎಂದರೆ, ಬಹುಪಾಲು ಚೆನ್ನಾಗಿದೆ. ಮೊದಲರ್ಧದ ಹಾಸ್ಯ ಎಳೆದಂತಿದೆ, ಕುಲಶೇಖರನೆಂಬ ರಾಜನ ಕುಡಿತ ಅಷ್ಟು ಹೊತ್ತು ಬೇಕಿರಲಿಲ್ಲ ಎಂಬುದು ಅಮ್ಮನ ಅಭಿಪ್ರಾಯ, ನನ್ನದೂ. ಅದೇ ಶುಕ್ರವಾರ ಬಿಡುಗಡೆಯಾದ ಇಂಗ್ಲಿಷ್ ಅವತರಣಿಕೆಯನ್ನು ಸುಮಾರು 2 ಗಂಟೆ 15 ನಿಮಿಷಕ್ಕೆ ಇಳಿಸಿದ್ದಾರಂತೆ. ಆ ಕತ್ತರಿಯ ಸ್ವಲ್ಪ ಭಾಗ ನಮ್ಮ ಪ್ರತಿಗೂ ತಗುಲಿದ್ದರೆ ಅಮ್ಮ ಏಳದೆಯೇ ಮುಗಿಯುತ್ತಿತ್ತೇನೋ.

ಶುಕ್ರವಾರ ತಮ್ಮ ಫೋನ್ ಮಾಡಿ “ಬಂದಿದೆ, ಹಾಕಿಕೊಡಲೇ?” ಎಂದು ಉತ್ಸಾಹದಿಂದ ಕೇಳಿದ. ಎದ್ದು ಹೋದಾಗ ತಪ್ಪಿದ ಭಾಗವೊಂದನ್ನು ಮಾತ್ರ ಹಾಕಿಸಿಕೊಂಡು ಅಮ್ಮ ನೋಡಿದರು. ಮುಗಿಯುತ್ತಿದ್ದಂತೆ ರಿಮೋಟ್ ನನ್ನ ಕೈಗಿಟ್ಟು, ಯುದ್ಧವನ್ನು ಇಲ್ಲಿ ನೋಡುವುದು ಬೇಡ ಎಂದರು. ಮುಂದಿನ ಭಾಗ ಯಾವಾಗ ಎಂದು ಆಗಲೇ ತಮ್ಮನನ್ನು ವಿಚಾರಿಸುತ್ತಿದ್ದಾರೆ.