ಲೀಸಾ ಫರ್ನಾಂಡಿಸ್ ಅವರ ಎರಡನೆಯ ವೃತ್ತಿ

ಇಂದು ಬೆಳಿಗ್ಗೆ 2019ರ ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥದೇ ಆಟ) ಪಂದ್ಯವೊಂದನ್ನು ಮತ್ತೊಮ್ಮೆ ನೋಡಿದೆ. ವಾಷಿಂಗ್ಟನ್ ವಿರುದ್ಧ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡದ ರೇಚಲ್ ಗಾರ್ಸಿಯಾ 10 ಇನ್ನಿಂಗ್ಸ್‌ಗಳನ್ನು ಒಬ್ಬರೇ ಎಸೆದು, 16 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ (ಮೂರು ಸ್ಟ್ರೈಕ್‌ಗಳಲ್ಲಿ ಬ್ಯಾಟರ್‌ನನ್ನು ಔಟ್ ಮಾಡಿ), ಕೊನೆಗೆ ತಾವೇ ಹೋಮ್‌ರನ್ (ಚೆಂಡನ್ನು ಬೇಲಿಯಾಚೆಗೆ ದಾಟಿಸುವ ಹೊಡೆತ) ಹೊಡೆದು ಪಂದ್ಯವನ್ನು ಗೆಲ್ಲಿಸಿಕೊಟ್ಟರು. ಆದರೆ ನನ್ನ ಕಣ್ಣು ಪದೇ ಪದೇ ಹುಡುಕಿದ್ದು ಆ ತಂಡದ ತರಬೇತುದಾರರಲ್ಲಿ ಒಬ್ಬರಾದ ಲೀಸಾ ಫರ್ನಾಂಡಿಸ್ ಅವರನ್ನು.

ಅದೇ ಕಾಲೇಜಿಗಾಗಿ ಎಸೆತಗಾರ್ತಿಯಾಗಿ ಆಡಿ 93 ಪಂದ್ಯಗಳನ್ನು ಗೆದ್ದು ಕೇವಲ 7ರಲ್ಲಿ ಸೋತವರು, 1996, 2000 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಪಡೆದವರು ಅವರು. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ 25 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿಯೂ 13ನೇ ಇನ್ನಿಂಗ್ಸ್‌ನಲ್ಲಿ ಬಿದ್ದ ಒಂದು ಹೋಮ್‌ರನ್ನಿನಿಂದ ಲೀಗ್ ಹಂತದ ಪಂದ್ಯವೊಂದನ್ನು ಸೋತ ಅವರ ಆ ದಿನ ನನ್ನನ್ನು ಇನ್ನೂ ಕಾಡುತ್ತದೆ. ಅಂಥ ಸೋಲನ್ನು ಉಂಡವರು ಪಕ್ಕದಲ್ಲಿ ನಿಂತಿರುವುದು ಕಾಲೇಜಿನ ಹುಡುಗಿಗೆ ಎಷ್ಟು ದೊಡ್ಡ ಧೈರ್ಯವಿರಬೇಕು!

ಕೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಸುತ್ತಿಸಿ, ಸೊಂಟದ ಬಳಿ ಚೆಂಡನ್ನು ಬಿಡುವ ಸಾಫ್ಟ್‌ಬಾಲಿನ ಈ ಎಸೆತ 43 ಅಡಿ ದೂರದ ಬ್ಯಾಟರ್‌ಗೆ ಯೋಚಿಸಲು ಅರ್ಧ ಸೆಕೆಂಡನ್ನೂ ಕೊಡುವುದಿಲ್ಲ. ಮೇಲೇರುವಂತೆ ಕಾಣುವ ರೈಸ್‌ಬಾಲ್‌ಗೂ ಥಟ್ಟನೆ ಕೆಳಗಿಳಿಯುವ ಡ್ರಾಪ್‌ಬಾಲ್‌ಗೂ ಇರುವ ವ್ಯತ್ಯಾಸವೆಲ್ಲ ಬೆರಳು, ಮಣಿಕಟ್ಟುಗಳು ಚೆಂಡಿಗೆ ಕೊಡುವ ತಿರುಗಿನಲ್ಲಿದೆ. ಅದನ್ನು ಮಾತಿನಲ್ಲಿ ಹೇಳಿಕೊಡುವುದು ತಾನೇ ಎಸೆಯುವುದಕ್ಕಿಂತ ಕಷ್ಟವೆಂದು ನಾನು ನಂಬುತ್ತೇನೆ. ಮುಖ್ಯ ತರಬೇತುದಾರರಾದ ಕೆಲ್ಲಿ ಇನೂಯೆ–ಪೆರೆಜ್ ವಿದ್ಯಾರ್ಥಿ ದಿನಗಳಲ್ಲಿ ಇದೇ ಲೀಸಾ ಅವರ ಎಸೆತಗಳನ್ನು ಹಿಡಿಯುತ್ತಿದ್ದ ಕ್ಯಾಚರ್. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯನ್ನು ಯುಸಿಎಲ್‌ಎ ಗೆದ್ದಾಗ ಇಬ್ಬರೂ ಮತ್ತೆ ಒಂದೇ ಮೈದಾನದಲ್ಲಿದ್ದರು.